ನನ್ನ ಕೆನ್ನೆಯ ಕಲೆಗಳೂ ಮಾವನ ಕಾವಲೂ

ನನ್ನ ಮುಖ ನನ್ನದೇ ಎಂದು ನೀವು ತಿಳಿದಿದ್ದರೆ ಅದು ಶುದ್ಧ ತಪ್ಪು. ಪಿಯುಸಿ ಓದುವಾಗ ಅದು ಪೂರ್ತಿ ನನ್ನ ಸೋದರಮಾವನ ಸ್ವಾಧೀನದಲ್ಲಿತ್ತು! ಹುಟ್ಟಿದ ಕೂಡಲೇ ತಾಯಿಯನ್ನು ಕಳೆದುಕೊಂಡ ನನ್ನನ್ನು ಅಲ್ಲಾಳಸಂದ್ರಕ್ಕೆ ತಂದು ಸಾಕಿದವರು ಅವರು. ದ್ರಾಕ್ಷಿ ಬೆಳೆಯುವ ಮನುಷ್ಯ. ಬಳ್ಳಿಗೆ ರೋಗ ಬಂದರೂ ನನಗೆ ನೆಗಡಿ ಬಂದರೂ ಒಂದೇ ಗಾಬರಿ.

ಎಪ್ಪತ್ತರ ದಶಕದ ಕೊನೆ. ಕೂತಲ್ಲಿ ನಿಂತಲ್ಲಿ ಮೊಡವೆ ಚಿವುಟಿ ಕೆನ್ನೆ ತುಂಬ ಕಪ್ಪು ಕಲೆ ಮಾಡಿಕೊಂಡಿದ್ದೆ. ಮೊದಲೇ ಕಪ್ಪು ಹುಡುಗಿ! "ಇದು ಹೋಗೋ ತನಕ ಕಾಲೇಜಿಗೆ ಹೋಗಲ್ಲ" ಎಂದು ಮುಸುಕು ಹಾಕಿ ಮಲಗಿದೆ. ಮಾವ ಯಶವಂತಪುರದ ಚರ್ಮದ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದರು. ಆಕೆ ಒಂದು ಮುಲಾಮು ಬರೆದುಕೊಟ್ಟು, "ಚಿವುಟಬೇಡ, ಬಿಸಿಲಿಗೆ ಮುಖ ಒಡ್ಡಬೇಡ, ಕಂಡಕಂಡ ಕ್ರೀಮು ಹಚ್ಚಬೇಡ. ನಮ್ಮಂಥ ಚರ್ಮಕ್ಕೆ ಉರಿಯಾದ್ರೆ ಇನ್ನಷ್ಟು ಕಪ್ಪಾಗುತ್ತೆ. ಕಲೆ ಹೋಗೋಕೆ ತಿಂಗಳುಗಟ್ಟಲೆ ಬೇಕು" ಎಂದರು. ನಾನು ಅಲ್ಲೇ ಮರೆತೆ. ಮಾವ ಮರೆಯುವ ಪೈಕಿಯೇ?

ಮರುದಿನವೇ ನನ್ನನ್ನು ಕಾಲೇಜಿಗೆ ಹೊರಡಿಸಿ, ಬಸ್‌ಸ್ಟಾಪಿನವರೆಗೂ ನನ್ನ ತಲೆಯ ಮೇಲೆ ಕೊಡೆ ಹಿಡಿದು ನಡೆದರು.

"ಏನ್ ಗೌಡ್ರೇ, ಉತ್ಸವಾನಾ?" ಎಂದರು ಯಾರೋ.

"ಊಂ ಕಣಯ್ಯ, ಕೈ ಮುಗಿ!"

ಬಸ್ಸಿನಲ್ಲಿ ಎಡಗಡೆ ಬಿಸಿಲು ಬೀಳುತ್ತದೆಂದು, ಬಲಗಡೆ ಕೂತಿದ್ದ ಹೆಂಗಸನ್ನು ಬೇಡಿಕೊಂಡು ಎಬ್ಬಿಸಿ ನನ್ನನ್ನು ಕೂರಿಸಿದರು. ಕಂಡಕ್ಟರಿಗೆ ರೇಗಿತು. "ಯಾವ ಕಡೆ ಬೀಳ್ಬೇಕು ಅಂತ ಸೂರ್ಯನಿಗೂ ಟಿಕೆಟ್ ಕೊಡ್ಲಾ ಸ್ವಾಮಿ?" ನನಗೆ ಸೀಟಿನ ಕೆಳಗೆ ತೂರಿಕೊಳ್ಳೋಣ ಅನ್ನಿಸಿತ್ತು.

ಇಷ್ಟಾದರೂ ನನಗೆ ಆತುರ. "ಎಂಟೇ ದಿನಕ್ಕೆ ಬೆಳ್ಳಗಾಗ್ತೀಯ ಕಣೇ" ಎಂದು ಪಕ್ಕದ ಮನೆಯಾಕೆ ಹೆಸರೇ ಇಲ್ಲದ ಡಬ್ಬಿಯೊಂದನ್ನು ಗುಟ್ಟಾಗಿ ಕೊಟ್ಟಳು. ಅದು ಮಾವನ ಕೈಗೆ ಸಿಕ್ಕಿಬಿತ್ತು. ಹೊಸ ಔಷಧಿ ತಂದರೆ ಮೊದಲು ಮೂಲೆಯ ಒಂದೇ ಬಳ್ಳಿಗೆ ಹೊಡೆದು ನೋಡುವುದು ಅವರ ತೋಟದ ಪದ್ಧತಿ. ಇಲ್ಲಿ ಮೂಲೆಯ ಬಳ್ಳಿ ಯಾವುದು? ಅವರದೇ ಮುಂಗೈ! ಬೆಳಗಾಗುವಷ್ಟರಲ್ಲಿ ಅದು ಕೆಂಪಗೆ ಊದಿ ಬೊಬ್ಬೆ ಎದ್ದಿತ್ತು. ನನ್ನ ಮುಂದೆ ಕೈ ಚಾಚಿದರು.

"ನನ್ನ ಎಮ್ಮೆ ಚರ್ಮಕ್ಕೇ ಇಂಗಾದ್ರೆ ನಿನ್ ಮೂತಿ ಏನಾಗ್ಬೇಕಿತ್ತವ್ವ?"

ಡಬ್ಬಿ ತಿಪ್ಪೆಗೆ ಹೋಯಿತು. ನಾನು ಎರಡು ದಿನ ಮಾತು ಬಿಟ್ಟೆ. ಆದರೆ ಚಿವುಟುವುದನ್ನೂ ಬಿಟ್ಟೆ.

ಮಳೆಗಾಲ ಕಳೆದು ಚಳಿ ಬೀಳುವ ಹೊತ್ತಿಗೆ ಕಲೆಗಳು ಮಾಸಿದವು. ಕನ್ನಡಿಯ ಮುಂದೆ ನಿಂತು, "ಕಲೆಯೇನೋ ಹೋಯ್ತು ಮಾವ. ನಾನು ಮಾತ್ರ ಕಪ್ಪಾಗೇ ಇದ್ದೀನಲ್ಲ!" ಎಂದು ರಾಗ ಎಳೆದೆ. ಏನಾದರೂ ತಮಾಷೆ ಮಾಡುತ್ತಾರೆಂದು ಕಾದೆ. ಮಾಡಲಿಲ್ಲ.

"ಕಲೆ ಓಗ್ಲಿ ಅಂತ ತಾನೇ ನಾನು ಒದ್ದಾಡಿದ್ದು? ಬಣ್ಣ ಯಾಕವ್ವ ಓಗ್ಬೇಕು? ಅದು ನಮ್ಮಕ್ಕನ ಬಣ್ಣ."

ಅಮ್ಮನನ್ನು ನಾನು ನೋಡಿದ್ದು ಕಪ್ಪುಬಿಳುಪು ಫೋಟೋದಲ್ಲಿ ಮಾತ್ರ. ಅವಳು ಯಾವ ಬಣ್ಣವಿದ್ದಳೆಂದು ಅವತ್ತಿನವರೆಗೂ ನನಗೆ ಗೊತ್ತಿರಲಿಲ್ಲ. ಅಳು ಬಂತು. ಕನ್ನಡಿ ಬಿಟ್ಟು ಬರಲು ಮನಸ್ಸಾಗದೆ ಬಹಳ ಹೊತ್ತು ಅಲ್ಲೇ ನಿಂತಿದ್ದೆ.