ಮೋಗಿಯ ಕಾರು, ತೋಮೆಯಜ್ಜಿಯ ಕಿತ್ತಳೆ

ಅಂಗಡಿಯಲ್ಲಿ ಅಕ್ಕಿ ಬಿಸ್ಕತ್ತು ಮುಗಿದುಹೋಗಿದ್ದದ್ದೇ ಎಲ್ಲಕ್ಕೂ ಕಾರಣ.

ಹಮಾಮಾತ್ಸು ನಗರದ ನೀರು ಸರಬರಾಜು ಕಚೇರಿಯ ಗುಮಾಸ್ತ ಮೋಗಿ ತನ್ನ ಕಾರಿನ ಸೆನ್ಸರ್ ಸರಿಪಡಿಸಲು ಗುರುವಾರ ರಜೆ ಹಾಕಿದ್ದ. ಅರ್ಧ ಗಂಟೆಯಾದರೂ ಎಂಜಿನ್ ಗುರುಗುಟ್ಟುತ್ತದೆ. ಹಾಗಾಗಿ ಹಿಂದಿನ ಸಂಜೆಯೇ ಅಕ್ಕಪಕ್ಕದ ಮೂರು ಮನೆಗೆ ಹೋಗಿ, ತಲೆಬಾಗಿ, "ನಾಳೆ ಸ್ವಲ್ಪ ಗಲಾಟೆ ಆಗುತ್ತೆ, ಕ್ಷಮಿಸ್ಬೇಕು" ಎಂದು ಏನಾದರೂ ಕೈಗಿಟ್ಟು ಬರಬೇಕಲ್ಲ. ಅಷ್ಟು ಗಲಾಟೆಗೆ ಒಂದು ಪೊಟ್ಟಣ ಅಕ್ಕಿ ಬಿಸ್ಕತ್ತು ಧಾರಾಳವಾಯಿತು. ಅದು ಸಿಗಲಿಲ್ಲವೆಂದು ಮೋಗಿ ಮನೆಗೊಂದರಂತೆ ದೊಡ್ಡ ಡಬ್ಬಿ ಕಸ್ತೆಲಾ ಕೇಕ್ ಕೊಟ್ಟು ಬಂದ.

"ಕಸ್ತೆಲಾನಾ?" ಹೆಂಡತಿ ಫುಸಾಯೆ ಅನ್ನದ ಸೌಟು ಹಿಡಿದೇ ಕೂತುಬಿಟ್ಟಳು. "ಅಷ್ಟು ದೊಡ್ಡದು ಕೊಟ್ರೆ ಅವರು ಸುಮ್ನೆ ತಿಂದ್ಕೊಂಡು ಕೂರೋಕಾಗುತ್ತಾ? ವಾಪಸ್ ಏನಾದ್ರೂ ಮಾಡ್ಲೇಬೇಕಲ್ಲ! ಪಾಪ, ನಿದ್ದೆ ಬರಲ್ಲ ಅವರಿಗೆ."

"ಒಂದೆರಡು ಮೂಲಂಗಿ ಕೊಡ್ತಾರೆ ಬಿಡೆ."

"ಏನಾದ್ರೂ ಮಾಡ್ಕೊಳ್ಳಿ. ನಾಳೆ ಮಧ್ಯಾಹ್ನ ಒಂದು ಗಂಟೆಗಿರೋ ಸರ್ಕಾರಿ ತಪಾಸಣೇಲಿ ಕಾರು ಪಾಸಾದ್ರೆ ಇಟ್ಕೊಳ್ಳಿ. ಫೇಲಾದ್ರೆ ನಾಡಿದ್ದೇ ಮಾರೋದು. ಮಾತು ಅಂದ್ರೆ ಮಾತು."

ಇಪ್ಪತ್ತೆಂಟು ವರ್ಷದ ಹಳೆಯ ಕಾರು ಅದು. ಮೋಗಿ ವೇಗಕ್ಕೆಂದು ಅದರ ಎಂಜಿನ್ನಿಗೆ ದಪ್ಪ ಗಾಳಿಕೊಳವೆ ಹಾಕಿಸಿದ್ದ, ಮುಂದುಗಡೆ ರೇಸಿನವರ ಎರಡು ಸೀಟು ಕೂರಿಸಿದ್ದ. ಶನಿವಾರ ಬೆಳಿಗ್ಗೆ ಸರೋವರದ ದಂಡೆಯ ಉದ್ದ ರಸ್ತೆಯಲ್ಲಿ ಒಬ್ಬನೇ ಓಡಿಸುತ್ತಿದ್ದ. ಇಡೀ ವಾರದಲ್ಲಿ ಅವನು ಮನಸಾರೆ ನಗುತ್ತಿದ್ದದ್ದು ಆಗ ಮಾತ್ರ. ಆದರೆ ಕೊಳವೆ ಬದಲಾದಂದಿನಿಂದ ಎಂಜಿನ್ ನಿಂತಲ್ಲೇ ಏದುಸಿರು ಬಿಡುತ್ತಿತ್ತು, ಒಮ್ಮೆ ಏರುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. ಪೆಡಲ್ ಎಷ್ಟು ತುಳಿದಿದ್ದಾರೆ ಎಂದು ಕಾರಿನ ಕಂಪ್ಯೂಟರಿಗೆ ಹೇಳುವ ಪುಟ್ಟ ಸೆನ್ಸರೊಂದಿದೆ. ಅದೇ ಸುಳ್ಳು ಹೇಳುತ್ತಿದೆ ಎಂಬುದು ಮೋಗಿಯ ಗುಮಾನಿ. ಎರಡು ಸ್ಕ್ರೂ ಸಡಿಲಿಸಿ, ಸೆನ್ಸರನ್ನು ಕೂದಲೆಳೆಯಷ್ಟು ತಿರುಗಿಸಿ, ಮೀಟರಿನಲ್ಲಿ 0.45 ವೋಲ್ಟ್ ಬಂದಾಗ ಮತ್ತೆ ಬಿಗಿಯಬೇಕು. ಎಂಜಿನ್ ಬಿಸಿಯಾದ ಮೇಲೆ ಹತ್ತು ನಿಮಿಷದ ಕೆಲಸ.

ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಬಾನೆಟ್ ಎತ್ತಿದಾಗ ಗೇಟಿನ ಬಳಿ ಮೂರು ತಲೆಗಳು ಸಾಲಾಗಿ ನಿಂತಿದ್ದವು.

"ಕಸ್ತೆಲಾ ಬಹಳ ಚೆನ್ನಾಗಿತ್ತು ಮೋಗಿಯವ್ರೇ," ಎಂದರು ಬೈಕ್ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ತಪಾಸಣೆ ಮಾಡಿ ನಿವೃತ್ತರಾದ ನಿಶಿನಾ. "ನಮ್ಮ ಕೈಲಾದ ಸಹಾಯ ಮಾಡೋಣ ಅಂತ ಬಂದ್ವಿ."

ಮೋಗಿ ಗಾಬರಿಯಿಂದ ಮೂರು ಸಲ ಬೇಡ ಎಂದ. ಆ ಬೀದಿಯಲ್ಲಿ ಮೂರು ಸಲ ಬೇಡ ಎಂದರೆ ದಯವಿಟ್ಟು ಒಳಗೆ ಬನ್ನಿ ಎಂದು ಅರ್ಥ. ಮೂವರೂ ಬಂದರು.

ನಿಶಿನಾ ಮೊದಲು ನೆಲ ಗುಡಿಸಿದರು. ಸ್ಪ್ಯಾನರುಗಳನ್ನು ಬಿಳಿ ಬಟ್ಟೆಯ ಮೇಲೆ ಎತ್ತರದ ಪ್ರಕಾರ ಮಲಗಿಸಿದರು. ಆಮೇಲೆ ಎಂಜಿನ್ನಿನ ಒಂದೊಂದು ಸ್ಕ್ರೂವಿಗೂ ಬೆರಳು ತೋರಿಸುತ್ತ, "ಸ್ಕ್ರೂ ಒಂದು, ಸರಿ! ಸ್ಕ್ರೂ ಎರಡು, ಸರಿ!" ಎಂದು ಕೂಗತೊಡಗಿದರು. ಕಾರ್ಖಾನೆಯ ಪದ್ಧತಿ, ಬಿಡುವಂತಿಲ್ಲ. ಎಂಬತ್ತೇಳು ಸ್ಕ್ರೂ ಮುಗಿಯುವ ಹೊತ್ತಿಗೆ ಹತ್ತೂವರೆ ಆಗಿತ್ತು.

ಕೊನೆಗೂ ಮೋಗಿ ಎಂಜಿನ್ ಶುರುಮಾಡಿ, ಸೆನ್ಸರಿನ ಆ ಎರಡು ಸ್ಕ್ರೂ ಸಡಿಲಿಸಿ ಮೀಟರಿನ ತಂತಿ ಸಿಕ್ಕಿಸಿದ. ಎರಡನೆಯವರಾದ ಒದಾಗಿರಿ ಮುಖ ಕಿವುಚಿದರು. ಅವರು ಐವತ್ತು ವರ್ಷ ಪಿಯಾನೋಗಳಿಗೆ ಶ್ರುತಿ ಮಾಡಿದವರು.

"ಮೀಟರ್ ಯಾಕ್ರೀ? ಇಷ್ಟು ಅಪಸ್ವರದಲ್ಲಿ ಕೂಗ್ತಿದೆ, ಕೇಳಿಸಲ್ವಾ?"

ಅವರು ಶ್ರುತಿ ಹಿಡಿಯುವ ಉಕ್ಕಿನ ಕವಲುಕಡ್ಡಿಯನ್ನು ಮೊಣಕಾಲಿಗೆ ಬಡಿದು ಕಿವಿಗಿಟ್ಟುಕೊಂಡರು. ಇನ್ನೊಂದು ಕಿವಿಯನ್ನು ಎಂಜಿನ್ನಿಗೆ ಕೊಟ್ಟು, ಎರಡು ಬೆರಳಲ್ಲಿ ಸೆನ್ಸರ್ ತಿರುಗಿಸಿದರು. ಎಂಜಿನ್ನಿನ ಸದ್ದು ನಿಜವಾಗಿಯೂ ಇಳಿಯಿತು. ಮೋಗಿ ಹೊತ್ತು ಹೋಗುತ್ತಿದೆ ಎಂಬ ಕಳವಳವನ್ನೇ ಮರೆತು, "ಅದು ಹೇಗೆ ಗೊತ್ತಾಗುತ್ತೆ?" ಎಂದು ಬಗ್ಗಿ ಕೇಳಿದ.

"ಶ್! ಇದರೊಳಗೆ ಎರಡು ಸ್ವರ ಜಗಳ ಆಡ್ತಿವೆ. ಕೇಳ್ರೀ."

ಮೋಗಿ ಕಿವಿಗೊಟ್ಟ. ಹೌದು, ಜಗಳ ಅವನಿಗೂ ಕೇಳಿಸಿತು!

"ನಂಗಂತೂ ಏನೂ ಕೇಳಿಸಲ್ಲಪ್ಪ," ಎಂದಳು ಮೂರನೆಯವಳಾದ, ಎಂಬತ್ತಮೂರರ ತೋಮೆಯಜ್ಜಿ. ಅವಳದು ಹಣ್ಣಿನ ಅಂಗಡಿ. "ಆದ್ರೆ ಕಿತ್ತಳೆಗೆ ಎಲ್ಲಾ ಗೊತ್ತಾಗುತ್ತೆ." ಎಂಜಿನ್ನಿನ ಮುಚ್ಚಳದ ಮೇಲೆ ಮೂರು ಕಿತ್ತಳೆ ಜೋಡಿಸಿ, ಮೇಲೊಂದು ಕೂರಿಸಿದಳು. ಎಂಜಿನ್ನಿನ ನಡುಕಕ್ಕೆ ಮೇಲಿನ ಕಿತ್ತಳೆ ದಡದಡ ಉರುಳಿ ಕಾರಿನಡಿ ಸೇರಿತು. ಮೋಗಿ ತೆವಳಿ ತಂದುಕೊಟ್ಟ. ಒದಾಗಿರಿ ತಿರುಗಿಸಿದರು, ಕಿತ್ತಳೆ ಉರುಳಿತು, ಮೋಗಿ ತೆವಳಿದ. ಹದಿನಾಲ್ಕು ಸಲ ಹೀಗಾಯಿತು. ಹದಿನೈದನೆಯ ಸಲ ಕಿತ್ತಳೆ ಅಲುಗಲಿಲ್ಲ.

"ಬಿಗೀರಿ!" ಎಂದರು ಒದಾಗಿರಿ. ನಿಶಿನಾ ಬಿಗಿದರು.

ಮೋಗಿ ಕಳ್ಳಗಣ್ಣಲ್ಲಿ ಮೀಟರ್ ನೋಡಿದ. 0.38! ಇಷ್ಟಿದ್ದರೆ ಕಾರಿಗೆ ದಮ್ಮೇ ಇರುವುದಿಲ್ಲ. ಇವರು ಹೋದ ಮೇಲೆ ಸರಿಮಾಡಿಕೊಳ್ಳೋಣ ಎಂದು ಕಾದ. ಆದರೆ ಮನೆಯವನು ಒಳಗೆ ಹೋಗದೆ ಅವರು ಹೊರಡುವಂತಿಲ್ಲ, ಬಂದವರು ಹೊರಡದೆ ಇವನು ಒಳಗೆ ಹೋಗುವಂತಿಲ್ಲ. ನಾಲ್ವರೂ ಒಬ್ಬರಿಗೊಬ್ಬರು ಬಾಗುತ್ತ ಹನ್ನೆರಡೂ ಇಪ್ಪತ್ತರವರೆಗೆ ನಿಂತರು. ಕೊನೆಗೆ ಮೋಗಿ ಬಾಗಿಕೊಂಡೇ ಕಾರಿನೊಳಗೆ ತೂರಿ ಹೊರಟುಬಿಟ್ಟ.

ಕಾರು ತುಂಬಿದ ಹಾಲಿನ ಪಾತ್ರೆ ಹೊತ್ತವರ ಹಾಗೆ ಮೆಲ್ಲಗೆ ಹೋಯಿತು. ಪೆಡಲ್ ಎಷ್ಟು ತುಳಿದರೂ ಹಾರಲಿಲ್ಲ. ತಪಾಸಣಾ ಕೇಂದ್ರದಲ್ಲಿ ಅಧಿಕಾರಿ ಹೊಗೆ ಅಳೆಯುವ ಕೊಳವೆ ಹಿಡಿದು ಗದರಿದ, "ಎಂಜಿನ್ ಯಾಕೆ ಆಫ್ ಮಾಡಿದ್ರಿ?"

"ಇಲ್ಲ ಸಾರ್, ಓಡ್ತಿದೆ."

ಅಧಿಕಾರಿ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ ಹುಬ್ಬೇರಿಸಿದ. ಹೊಗೆಯೂ ಪಾಸು, ಸದ್ದೂ ಪಾಸು. ಇನ್ನೆರಡು ವರ್ಷ ಚಿಂತೆಯಿಲ್ಲ! ಸೆನ್ಸರನ್ನು ನಾಳೆ ಸದ್ದಿಲ್ಲದೆ 0.45ಕ್ಕೆ ತಂದರಾಯಿತು, ಶನಿವಾರ ಸರೋವರದ ದಂಡೆ. ಮೋಗಿ ದಾರಿಯುದ್ದಕ್ಕೂ ಸಿಳ್ಳೆ ಹಾಕಿಕೊಂಡು ಬಂದ.

ಫುಸಾಯೆ ಬಾಗಿಲಲ್ಲೇ ನಿಂತಿದ್ದಳು. "ಪಾಸಾಯ್ತಾ? ಸರಿ, ಮಾತು ಅಂದ್ರೆ ಮಾತು. ಕಾರು ನೀವೇ ಇಟ್ಕೊಳ್ಳಿ. ಆದ್ರೆ ಮೂರು ಜನ ಅರ್ಧ ದಿನ ದುಡಿದ್ರಲ್ರೀ, ಒಂದು ಡಬ್ಬಿ ಕಸ್ತೆಲಾಗೆ! ಈಗ ವಾಪಸ್ ಕೊಡೋ ಸರದಿ ನಮ್ದು. ಅದಕ್ಕೂ ವ್ಯವಸ್ಥೆ ಮಾಡಿದೀನಿ."

ಅವಳು ಬೀದಿಯ ಮನೆಮನೆಗೂ ಸುತ್ತುವ ಸೂಚನಾ ಹಲಗೆಯನ್ನು ಮುಂದಿಟ್ಟಳು. ಅದರಲ್ಲಿ ಹೀಗಿತ್ತು: ಪ್ರತಿ ಶನಿವಾರ ಮೋಗಿಯವರ ಕಾರು, ಮೋಗಿಯವರೇ ಚಾಲಕರು. ಎಂಟಕ್ಕೆ ತೋಮೆಯಜ್ಜಿ ಬಿಸಿನೀರ ಬುಗ್ಗೆಗೆ, ಹನ್ನೊಂದಕ್ಕೆ ನಿಶಿನಾ ಕಣ್ಣಿನ ಡಾಕ್ಟರಿಗೆ, ಎರಡಕ್ಕೆ ಒದಾಗಿರಿ ಹಾಡಿನ ಸಂಘಕ್ಕೆ. ಅವಧಿ ಮುಂದಿನ ತಪಾಸಣೆಯವರೆಗೆ. ಕೆಳಗೆ ಸಹಿಯ ಬದಲು ಮೂವರ ಕೆಂಪು ಮೊಹರು ಬಿದ್ದಿತ್ತು. ನಾಲ್ಕನೆಯದು ಮೋಗಿಯದೇ, ಅವನ ಮೇಜಿನ ಡ್ರಾಯರಿನಿಂದ ಫುಸಾಯೆ ತೆಗೆದು ಒತ್ತಿದ ಮೊಹರು.

ಮೋಗಿಗೆ ಅಳು ಬರುವುದೊಂದು ಬಾಕಿ. ಹೋಗಲಿ, ಭಾನುವಾರವಾದರೂ ಇದೆ ಎಂದುಕೊಂಡ. ಸೆನ್ಸರ್ ಒಂದು ಸರಿಮಾಡಿಕೊಂಡರೆ ಸಾಕು.

ಹೊರಗೆ ಬಾನೆಟ್ ತೆರೆದ ಸದ್ದಾಯಿತು. ಓಡಿಹೋಗಿ ನೋಡಿದರೆ ನಿಶಿನಾ ಕೆಂಪು ಬಣ್ಣದ ಸಣ್ಣ ಕುಂಚ ಹಿಡಿದು, ಆ ಎರಡು ಸ್ಕ್ರೂಗಳ ಮೇಲೆ ಅಡ್ಡಗೆರೆ ಎಳೆಯುತ್ತಿದ್ದರು.

"ಪಾಸಾದ ಸ್ಕ್ರೂಗೆ ಗೆರೆ ಹಾಕ್ಬೇಕು, ನಮ್ಮ ಕಾರ್ಖಾನೆ ಪದ್ಧತಿ. ಇನ್ನು ಯಾರು ಮುಟ್ಟಿದ್ರೂ ಗೆರೆ ತಪ್ಪಿ ಗೊತ್ತಾಗಿಬಿಡುತ್ತೆ. ಪ್ರತಿ ಶನಿವಾರ ನಾನೇ ನೋಡ್ತೀನಿ," ಎಂದು ಬೆರಳು ತೋರಿಸಿ ಕೂಗಿದರು, "ಸ್ಕ್ರೂ ಒಂದು, ಸರಿ! ಸ್ಕ್ರೂ ಎರಡು, ಸರಿ!"

ತೋಮೆಯಜ್ಜಿ ಆಗಲೇ ಚಾಲಕನ ಪಕ್ಕದ ರೇಸಿನ ಸೀಟಿನಲ್ಲಿ ಕಾಲು ನೀಡಿ ಕೂತು ನೋಡುತ್ತಿದ್ದಳು.

"ಸೊಂಟಕ್ಕೆ ಎಷ್ಟು ಹಿತವಾಗಿದೆಯೋ ಮಾರಾಯ! ನೀನೇನೂ ಯೋಚನೆ ಮಾಡ್ಬೇಡ, ಸ್ಪೀಡು ನಾನು ನೋಡ್ಕೋತೀನಿ," ಎಂದು ಮುಂದಿನ ಗಾಜಿನ ಒಳಬದಿಯಲ್ಲಿ ಮೂರು ಕಿತ್ತಳೆ ಜೋಡಿಸಿ, ಮೇಲೊಂದು ಕೂರಿಸಿದಳು.