ಹುಗ್ಗಿ ಗೋದಿಗೆ ಮೊಳಕೆ ಬರಿಸದ ಜಿಬ್ಬರೆಲಿನ್ ಅವರಿಗೆ

ಮಾನ್ಯ ಜಿಬ್ಬರೆಲಿನ್ ಅವರೇ,

ಗೋದಿ ಕಾಳಿನ ತುದಿಯ ಭ್ರೂಣದಲ್ಲಿ ಹುಟ್ಟಿ, ನೀರು ತಾಗಿದೊಡನೆ ಸಿಪ್ಪೆಯ ಒಳಪದರಕ್ಕೆ ಹೋಗಿ, ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳನ್ನು ತಯಾರಿಸಿರೆಂದು ಅಪ್ಪಣೆ ಕೊಡುವ ಹಾರ್ಮೋನು ಮಹಾಶಯರಾದ ತಮಗೆ, ಸವಡಿಯ ಮುತ್ತಣ್ಣನು ಬೋಳುತಲೆ ಬಾಗಿಸಿ ಮಾಡುವ ನಮಸ್ಕಾರಗಳು.

ನನ್ನ ಮೊಮ್ಮಗಳು ರೂಪಾಳಿಗೆ ಎಂಟು ತಿಂಗಳು. ಜ್ವರ ಬಂದು ಹೋದ ಮೇಲೆ ಕೂಸು ಸೊರಗಿದೆ. ಗಟ್ಟಿ ಗಂಜಿಯನ್ನು ಉಗುಳುತ್ತದೆ, ನೀರು ಗಂಜಿಯಲ್ಲಿ ಕಸುವಿಲ್ಲ. ಮೊಳಕೆ ಗೋದಿಯ ಹಿಟ್ಟಾದರೆ ತಮ್ಮ ಕಿಣ್ವಗಳ ದಯೆಯಿಂದ ಗಂಜಿ ತೆಳುವಾಗಿಯೂ ಕಸುವುಳ್ಳದ್ದಾಗಿಯೂ ಇರುತ್ತದೆಂದು, ರೋಣದಲ್ಲಿ ಜೀವಶಾಸ್ತ್ರ ಕಲಿಸುವ ಮಗಳು ಕವಿತಾ ಹೇಳಿದಳು. ಗೋದಿ ತರುವ ಹೊಣೆಯನ್ನು, ಯಾರೂ ಕೇಳದಿದ್ದರೂ, ನಾನೇ ಹೊತ್ತುಕೊಂಡೆ.

ಮೊಮ್ಮಗಳಿಗೆ ಸಾದಾ ಗೋದಿ ಕೊಡುವುದುಂಟೇ ಎಂದುಕೊಂಡು ಗಜೇಂದ್ರಗಡದ ಸಂತೆಯನ್ನೆಲ್ಲ ಸುತ್ತಿ, ಹುಗ್ಗಿ ಮಾಡಲೆಂದು ಕುಟ್ಟಿ ತೌಡು ತೆಗೆದಿದ್ದ, ಮುತ್ತಿನಂಥ ಗೋದಿ ತಂದೆ. ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಗಂಟನ್ನು ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದೆ. ಮನೆಯವರು ನನ್ನ ಅಪ್ಪಣೆ ಪಾಲಿಸಿದರು. ತಾವು ಮಾತ್ರ ಅಪ್ಪಣೆಯನ್ನೇ ಕೊಡಲಿಲ್ಲ. ಗಂಟಿನಿಂದ ಹೊರಬಂದದ್ದು ಹುಳಿ ವಾಸನೆಯೊಂದೇ.

ತಮ್ಮ ಸೋಮಾರಿತನದ ಬಗ್ಗೆ ಖಾರವಾಗಿ ಬರೆಯಲು ಕುಳಿತಿದ್ದೆ. ಅಷ್ಟರಲ್ಲಿ ಕವಿತಾ ಬಂದು ಗಂಟು ಬಿಚ್ಚಿದಳು. “ಅಪ್ಪಾ, ಕುಟ್ಟಿದಾಗ ಭ್ರೂಣಾನೂ ಹೋತು, ಅದರ ಮಾತು ಕೇಳೋ ಪದರಾನೂ ಹೋತು. ಇನ್ನ ಯಾರು ಹೇಳ್ಬೇಕು, ಯಾರು ಕೇಳ್ಬೇಕ್ರಿ?”

ಆದರೂ ಬರೆಯಲು ಕುಳಿತವನು ಎದ್ದರೆ ಮರ್ಯಾದೆಯಲ್ಲ. ಆದ್ದರಿಂದ ತಾವು ದಯಮಾಡಿ ಕುಟ್ಟಿದ ಗೋದಿಗೂ, ರವೆಗೂ, ಸಾಧ್ಯವಾದರೆ ಶಾವಿಗೆಗೂ ಮೊಳಕೆ ಬರಿಸುವ ಏರ್ಪಾಡು ಮಾಡಬೇಕು. ಅದಾಗದಿದ್ದರೆ, ನನ್ನಂಥ ತಿಳಿವಳಿಕಸ್ಥ ಸಂತೆಗೆ ಬಂದದ್ದು ಕಂಡರೆ ಕುಟ್ಟಿದ ಗೋದಿಯ ಚೀಲ ತಾನಾಗಿಯೇ ಬಾಯಿ ಮುಚ್ಚಿಕೊಳ್ಳಬೇಕು.

ಕೊನೆಗೆ ನನ್ನ ಹೆಂಡತಿ ಕಳಕವ್ವ ಮನೆಯಲ್ಲೇ ಇದ್ದ ತೌಡುಳ್ಳ ಗೋದಿಯನ್ನು ಸದ್ದಿಲ್ಲದೆ ನೆನೆಹಾಕಿದಳು. ತಾವು ಅವಳ ಮಾತಿಗೆ ಎಷ್ಟು ಬೇಗ ಒಲಿದಿರಿ! ಮೊಳಕೆ ಒಣಗಿಸಿ, ಹುರಿದು, ಬೀಸಿ ಕಾಯಿಸಿದ ಗಂಜಿಯನ್ನು ರೂಪಾ ಅನುಮಾನದಿಂದಲೇ ಚಪ್ಪರಿಸಿ ನುಂಗಿ, ಮತ್ತೆ ಬಾಯಿ ತೆರೆದಳು. ಆ ಪುಟ್ಟ ಬಾಯಿ ನೋಡಿ ನನಗೆ ಅಳುವೇ ಬಂದುಬಿಟ್ಟಿತು.

ಅಪ್ಪಣೆ ಕೇಳಿಸಿಕೊಳ್ಳುವ ಪದರವೇ ಇಲ್ಲದ, ತಮ್ಮ ವಿಶ್ವಾಸಿ,
ಮುತ್ತಣ್ಣ, ಸವಡಿ

ತಾ.ಕ.: ಕುಟ್ಟಿದ್ದು ಮೊಳೆಯುವುದಿಲ್ಲವೆಂದು ಮೊದಲೇ ಗೊತ್ತಿತ್ತೇ ಎಂದು ಕಳಕವ್ವನನ್ನು ಕೇಳಿದೆ. “ಇಷ್ಟ ವರ್ಷ ನಿಮ್ಮ ತಲಿ ನೋಡ್ಕೋತ ಬಂದಾಕಿಗೆ ಗೊತ್ತಿರೂದಿಲ್ಲೇನ್ರಿ, ಮ್ಯಾಲ ನುಣ್ಣಗಾತಂದ್ರ ಮತ್ತೇನೂ ಮೊಳ್ಯಾಂಗಿಲ್ಲಂತ?” ಎಂದಳು.