ಟ್ಯಾಂಕು, ಆನೆ, ನನ್ನ ತಮ್ಮ

ಇರೋದೊಂದು, ನಂಗೆ ಕಾಣೋದು ಇನ್ನೊಂದು. ವಯಸ್ಸಾಗಿ ಇಂಗಾಗ್ಯದೆ ಅನ್ಕಬ್ಯಾಡಿ. ಕಣ್ಣು ಚೆಂದಾಗಿದ್ದಾಗ್ಲೂ ಇಂಗೇಯ. ತಾಳವಾಡಿ ಬೆಟ್ಟದ ಮಂಜು ಬೇರೆ ಸೇರ್ಕತು ಅಂದ್ರೆ ಕೇಳಂಗೇ ಇಲ್ಲ.

1. ಸೊಂಡ್ಲು ಇದ್ದ ಟ್ಯಾಂಕು

ಪಣಕಹಳ್ಳೀಲಿ ನನ್ನ ಒಲ, ನನ್ನ ತಮ್ಮನ ಒಲ ಅಕ್ಕಪಕ್ಕ. ಮೊಬೈಲು ಊರಿಗೆ ಬಂದ ಒಸದು. ಒಂದಿನ ಬೆಳಗ್ಗೆ ಮಂಜು ಸುರೀತಾ ಅದೆ, ತಮ್ಮನ ಜ್ವಾಳದ ಒಲದಲ್ಲಿ ಕರ್ರಗೆ ದೊಡ್ಡದೊಂದು ನಿಂತದೆ. ಸೊಂಡ್ಲು ಅದೆ. ಕಿವಿ ಪಟಪಟ ಬಡೀತದೆ.

"ಆನೆ ಬಂತಲಾ!" ಅಂತ ಕೂಗ್ದೆ. ಆ ಕೂಗು ಚಾಮರಾಜನಗರದ ಬಸ್‌ಸ್ಟ್ಯಾಂಡಿಗೆ ಕೇಳ್ತಂತೆ. ಊರೇ ಓಡ್ಬಂತು.

"ದಂತ ನೋಡ್ಲಾ, ಮಾರುದ್ದ!" ಅಂದ ಒಬ್ಬ.

"ದಂತ ಎಲ್ಲದೆಲಾ? ಅದು ಎಣ್ಣಾನೆ ಕಣ್ಲಾ, ಕೆಳಗೆ ಮರಿ ಅದೆ" ಅಂದ ಇನ್ನೊಬ್ಬ.

ಮರಿ ಆಲು ಕುಡಿಯೋದ್ನ ನಾನೇ ಕಣ್ಣಾರೆ ಕಂಡೆ. ಪಟಾಕಿ ಅಚ್ಚುದ್ರೂ ಆನೆ ಅಲ್ಲಾಡ್ನಿಲ್ಲ. ರೇಗೋಯ್ತು, ಉರಿಯೋ ಕೊಳ್ಳಿ ತಗೊಂಡು ಬೀಸಿ ಎಸ್ದೆ. ಆನೆ ಅತ್ಕಂಡು ಉರೀತು.

ಮಂಜು ಇಳೀತು. ತಮ್ಮ ನೆನ್ನೆ ತಾನೇ ತಂದಿಟ್ಟಿದ್ದ ಕರೀ ನೀರಿನ ಟ್ಯಾಂಕು! ಸೊಂಡ್ಲು ಅಂದ್ರೆ ಪೈಪು. ಕಿವಿ ಅಂದ್ರೆ ಮೇಲೆ ಒದಿಸಿದ್ದ ಗೋಣಿಚೀಲ.

"ಒಟ್ಟೆಕಿಚ್ಚಿಗೆ ಬೇಕಂತ್ಲೇ ಸುಟ್ಟೆ ನೀನು. ಇನ್ನು ನಿನ್ನ ಮೊಕ ನೋಡಾಕಿಲ್ಲ" ಅಂದ ತಮ್ಮ.

ಅಷ್ಟೊತ್ಗೆ ತಮಿಳು ಫಾರೆಸ್ಟ್ ಗಾರ್ಡು ಬಂದು, ಕರಗಿದ ಪ್ಲಾಸ್ಟಿಕ್ಕ ಕಾಲಲ್ಲಿ ಒದ್ದು, "ಯಾನೈ ಎಂಗೆಯ್ಯಾ?" ಅಂದ. ಆನೆ ಎಲ್ಲಯ್ಯಾ ಅಂತ. ದಂತ ಕಂಡೋರು, ಮರಿ ಕಂಡೋರು, ಎಲ್ರೂ ನನ್ನ ಕಡೇಗೆ ಬೆಟ್ಟು ತೋರ್ಸುದ್ರು.

2. ಈ ಸಲ ಮೋಸ ಓಗ್ನಿಲ್ಲ

ಒಂದೇ ತಟ್ಟೇಲಿ ಮುದ್ದೆ ಮುರಿದೋರು ನಾವು. ಈಗ ಬದೂನಲ್ಲಿ ಎದುರಾದ್ರೆ ಅವನು ಆಕಾಸ ನೋಡೋನು, ನಾನು ನನ್ನ ಕಾಲು ನೋಡ್ಕಳೋನು. ಅವನ ಬಾಯಿಂದ ಒಂದ್ಸಲ 'ಅಣ್ಣಾ' ಅಂತ ಬಂದ್ರೆ ಸಾಕು, ಸಾಯೋಕೂ ರೆಡಿ ಅಂತ ಕಾಯ್ತಿದ್ದೆ.

ನಾನೂ ಬಾಳೆ ತೋಟಕ್ಕೆ ಒಂದು ಟ್ಯಾಂಕು ತಂದಿಟ್ಟಿದ್ದೆ. ಒಂದಿನ ಅದೇ ಮಂಜು. ಬಾಳೆ ಮಧ್ಯ ಕರ್ರಗೆ ನಿಂತದೆ. ನಾನು ಬೀಡಿ ಅಚ್ಕಂಡು ಕೂತೆ. ಆಚೆಯಿಂದ ತಮ್ಮ ಕೂಗ್ದ:

"ಅಣ್ಣಾ! ಆನೆ! ಓಡಣ್ಣೋ!"

ಗೇಲಿ ಮಾಡ್ತಾವ್ನೆ ಅನ್ಕಂಡೆ. "ಟ್ಯಾಂಕು ಕಣ್ಲಾ! ಬೇಕಾದ್ರೆ ಬಂದು ನೀನೂ ಸುಟ್ಕೋ" ಅಂದೆ.

ಟ್ಯಾಂಕು ಒಂದು ಬಾಳೆಗೊನೆ ಕಿತ್ಕತು.

ತೋಟ ಪೂರಾ ಮುಗ್ಸಿ, ಓಗೋವಾಗ ತಿರುಗಿ ನನ್ನ ನೋಡಿ, ಸುಳ್ಳಲ್ಲ, ನಕ್ತು ಅದು. ಬಾಳೆ ಆಳಾಗೋಗ್ಲಿ. ಅಷ್ಟು ಕಾದಿದ್ದ 'ಅಣ್ಣಾ' ಬಂದಿತ್ತು, ಅದ ಗೇಲಿ ಅಂತ ಅಟ್ಟಿಬುಟ್ಟೆ. ಒಂದು ಬೀಡಿ ಮುಗಿಯೋ ಒತ್ಗೆ ಎಲ್ಡು ಮನೆಹಾಳು ಕೆಲಸ!

3. ಸಗಣಿ ಸಾಮಿ

ದೀಪಾವಳಿ ಆದ್ಮೇಲೆ ಗುಮಟಾಪುರದ ಬೀರೇಶ್ವರನ ಗುಡಿ ತಾವ ಸಗಣಿ ಎರಚಾಡೋ ಅಬ್ಬ. ಗಂಡಸ್ರೆಲ್ಲಾ ಬರೀ ಮೈ. ಒಂದು ಗಳಿಗೆ ಆದ್ರೆ ಯಾರು ಯಾರಂತ ಆ ಬೀರಪ್ಪಂಗೂ ತಿಳೀದು. ತಮಟೆ ಸದ್ದು, ಕಿವಿ ತುಂಬ ಸಗಣಿ, ದನಿಯೂ ಗೊತ್ತಾಗಾಕಿಲ್ಲ.

ನಾನು ಜಾರಿ ಬಿದ್ದೆ. ಸಗಣಿ ಮೆತ್ಕಂಡಿದ್ದ ಒಬ್ಬ ಎತ್ತಿ ನಿಲ್ಸಿ, "ಜ್ವಾಪಾನ ಸಾಮಿ. ನಿನ್ನಂಗೇ ಒಬ್ಬ ಅಣ್ಣ ಅವ್ನೆ ನಂಗೆ. ಆನೆಗೂ ಟ್ಯಾಂಕಿಗೂ ಭೇದ ತಿಳೀದು ಆ ಮುಂಡೇದಕ್ಕೆ" ಅಂದ.

ನನ್ನ ತಮ್ಮನೇ ಇವ್ನು! ಮೊಕ ಒರ್ಸ್ಕಳ್ನಿಲ್ಲ. "ಅವನ ಮೇಲೆ ಸಿಟ್ಟಾ ಸಾಮಿ?" ಅಂದೆ.

"ಸಿಟ್ಟು ಯಾವಾಗ್ಲೋ ಓಯ್ತು. ನಾನು ಅಣ್ಣಾ ಅಂದ್ರೆ ಅವನು ಟ್ಯಾಂಕು ಅಂತಾನೆ."

ಕೆರೇಗೆ ಓಗಿ ಮುಳುಗಿ ಎದ್ದೊ. ಸಗಣಿ ಓಯ್ತು, ಮೊಕ ಬಂತು. ಅವನು ಆಕಾಸ ನೋಡ್ದ. ನಾನು ಕಾಲು ನೋಡ್ಕಂಡೆ.

ಅಲ್ಲಿಂದ ಇಂಗೇ ನಡೀತಾ ಅದೆ. ಪ್ರತಿ ಅಬ್ಬದಲ್ಲೂ ಇಬ್ರೂ ಮೊದ್ಲೇ ಓಗಿ, ಒಬ್ರನ್ನೊಬ್ರು ನೋಡೋಕೂ ಮುಂಚೆ, ಮೊಕಕ್ಕೆ ದಪ್ಪಗೆ ಮೆತ್ಕತೀವಿ. ಆಮೇಲೆ ಅವನು ಅತ್ರ ಬತ್ತಾನೆ.

"ಸಾಮಿ, ನಮ್ಮೂರಲ್ಲಿ ಒಬ್ಬ ಕುಲ್ಡ ಮುದುಕ ಅವ್ನೆ. ಸಿಕ್ಕುದ್ರೆ ಮೊಣಕಾಲು ನೋವು ಎಂಗದೆ ಅಂತ ಕೇಳ್ಬುಡು."

"ವಾಸಿಯಂತೆ ಸಾಮಿ."

"ಅಂಗಾದ್ರೆ ಇದ್ನೂ ಅವನಿಗೆ ಕೊಟ್ಬುಡು" ಅಂತ ದೊಡ್ಡ ಸಗಣಿ ಉಂಡೆ ಕಟ್ಟಿ ಸರ್ಯಾಗಿ ನನ್ನ ಬಾಯಿಗೇ ಒಡೀತಾನೆ. ಒಂದ್ಸಲನೂ ಗುರಿ ತಪ್ಪಿಲ್ಲ. ನಮ್ಮ ವಂಸದಲ್ಲಿ ಕಣ್ಣು ನೆಟ್ಟಗಿರೋದು ಅವನೊಬ್ಬಂಗೇಯ.